ಬ್ಯಾಂಡಿನ ಕಂಡಕ್ಟರಿಗೆ ಬಸ್ಸಿನ ಲೆಕ್ಕ ಬೇಡವೇ?

ಕಂಡಕ್ಟರ್ ಅಂದರೆ ಬಸ್ಸಿನ ಕಂಡಕ್ಟರ್, ಅಷ್ಟೇ. ಜಿಲ್ಲೆಯ ಯಾವ ಮೂಲೆಯಲ್ಲಿ ಕೇಳಿದರೂ ಇದೇ ಉತ್ತರ. ಹೆಗಲಿಗೆ ಚೀಲ, ಕೈಯಲ್ಲಿ ಟಿಕೆಟ್ ಮಿಷನ್ನು, ಬಾಯಲ್ಲಿ 'ಒಳಗೆ ಹೋಗ್ರೀ, ಒಳಗೆ ಜಾಗ ಇದೆ' ಎಂಬ ಮಂತ್ರ. ಬೈಸಿಕೊಳ್ಳುವುದಕ್ಕೇ ಹುಟ್ಟಿದ ಪ್ರಾಣಿ ಎಂದು ಪ್ರಯಾಣಿಕರು ತಿಳಿದುಬಿಟ್ಟಿದ್ದಾರೆ. ಆದರೆ ಆತನ ಒಂದು ಗುಣವನ್ನು ಯಾರೂ ಅಲ್ಲಗಳೆಯುವಂತಿಲ್ಲ. ತನ್ನ ಬಸ್ಸಿನಲ್ಲಿ ಎಷ್ಟು ತಲೆ ಇವೆ, ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು ಎಂಬುದು ಆತನಿಗೆ ಗೊತ್ತು. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾಯಿತು; ಆದರೂ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಹರಿದು ಕೊಡಲೇಬೇಕಾಯಿತು. ನಡುದಾರಿಯಲ್ಲಿ ಚೆಕಿಂಗ್‌ನವರು ಹತ್ತಿ, ಟಿಕೆಟ್ ಇಲ್ಲದ ಒಬ್ಬ ಸಿಕ್ಕಿಬಿದ್ದರೆ ದಂಡ ಪ್ರಯಾಣಿಕನಿಗೆ, ಮೆಮೊ ಕಂಡಕ್ಟರಿಗೆ. 'ನಂಗೆ ಗೊತ್ತಿರಲಿಲ್ಲ ಸಾರ್' ಎಂಬ ಮಾತು ಡಿಪೋದಲ್ಲಿ ನಡೆಯುವುದಿಲ್ಲ.

ಇಂಗ್ಲಿಷಿನಲ್ಲಿ ಇನ್ನೊಬ್ಬ ಕಂಡಕ್ಟರ್ ಇದ್ದಾನೆ. ಟಿಕೆಟ್ ಮಿಷನ್ನಿನ ಬದಲು ಆತನ ಕೈಯಲ್ಲಿ ಒಂದು ಸಣ್ಣ ಬಿಳಿ ಕೋಲು. ಆತ ಬ್ಯಾಂಡಿನ ಮುಂದೆ ನಿಂತು ಕೋಲು ಎತ್ತಿದರೆ ನೂರಾರು ತುತ್ತೂರಿ ಒಟ್ಟಿಗೆ ಮೊಳಗುತ್ತವೆ, ಇಳಿಸಿದರೆ ನಿಲ್ಲುತ್ತವೆ. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಆತನಿಗೆ 'ಡೈರೆಕ್ಟರ್ ಆಫ್ ಬ್ಯಾಂಡ್ಸ್' ಎಂಬ ಹುದ್ದೆ. ದೊಡ್ಡ ಸಂಬಳ, ಸ್ವಂತ ಕಚೇರಿ, ಕೈಕೆಳಗೆ ಸಹಾಯಕರು. ಈ ಎರಡನೆಯ ಕಂಡಕ್ಟರ್ ಮೊದಲನೆಯವನಿಂದ ಏನು ಕಲಿಯಬೇಕಿತ್ತು, ಕಲಿಯದೆ ಹೋದದ್ದಕ್ಕೆ ಬೆಲೆ ತೆತ್ತವರು ಯಾರು ಎಂಬುದು ಇವತ್ತಿನ ವಿಚಾರ. ಅಮೆರಿಕದ ಸುದ್ದಿಗೆ ಸ್ಥಳೀಯ ಅಂಕಣದಲ್ಲಿ ಏನು ಕೆಲಸ ಎಂದು ಕೇಳುವವರು ಸ್ವಲ್ಪ ತಾಳಬೇಕು. ಜಿಲ್ಲೆಯ ಕಾಲೇಜುಗಳಿಂದ ಹುಡುಗ ಹುಡುಗಿಯರನ್ನು ತುಂಬಿಕೊಂಡು ಯುವಜನೋತ್ಸವಕ್ಕೆ, ಕ್ರೀಡಾಕೂಟಕ್ಕೆ, ಪ್ರವಾಸಕ್ಕೆ ಹೊರಡುವ ಬಸ್ಸುಗಳಿಗೂ ಈ ಕಥೆಗೂ ಸಂಬಂಧ ಇದೆ.

ಮೊದಲು ಈ ಬ್ಯಾಂಡ್ ಏನೆಂದು ತಿಳಿಯಬೇಕು. ಇಲ್ಲಿ ಬ್ಯಾಂಡ್ ಸೆಟ್ಟು ಅಂದರೆ ಮದುವೆ ದಿಬ್ಬಣದ ಮುಂದೆ, ಗಣಪತಿ ಬಿಡುವ ದಿನ ಪೇಟೆ ಬೀದಿಯಲ್ಲಿ, ಬಣ್ಣ ಮಾಸಿದ ಕೆಂಪು ಕೋಟು ಹಾಕಿಕೊಂಡು ಸಿನಿಮಾ ಹಾಡು ಊದುವ ಹತ್ತು ಹನ್ನೆರಡು ಜನ. ಇನ್ನೂ ಗತ್ತಿನ ಬ್ಯಾಂಡು ನೋಡಬೇಕೆಂದರೆ ಮೈಸೂರು ದಸರಾಕ್ಕೆ ಹೋಗಿ ಪೊಲೀಸ್ ಬ್ಯಾಂಡ್ ನೋಡಬೇಕು. ಅಲ್ಲಿ ಇಂಗ್ಲಿಷ್ ಬ್ಯಾಂಡೇ ಬೇರೆ, ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೇ ಬೇರೆ. ಅಮೆರಿಕದ ಕಾಲೇಜು ಬ್ಯಾಂಡಿನ ಜಾಗ ಫುಟ್‌ಬಾಲ್ ಮೈದಾನ. (ಅವರ ಫುಟ್‌ಬಾಲು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಆಟ. ಅದಕ್ಕೆ ಆ ಹೆಸರು ಯಾಕೆ ಎಂದು ಅವರನ್ನೇ ಕೇಳಬೇಕು.) ಆಟದ ನಡುವೆ 20 ನಿಮಿಷ ವಿರಾಮ. ಆಗ ಇನ್ನೂರು ಮುನ್ನೂರು ವಿದ್ಯಾರ್ಥಿಗಳು ಮೈದಾನಕ್ಕೆ ಇಳಿದು, ನಡೆಯುತ್ತಾ ನುಡಿಸುತ್ತಾ, ಹುಲ್ಲಿನ ಮೇಲೆ ತಮ್ಮ ಸಾಲುಗಳಿಂದಲೇ ಅಕ್ಷರ ಬರೆಯುತ್ತಾರೆ, ಚಿತ್ರ ಬಿಡಿಸುತ್ತಾರೆ. ಆಟದಲ್ಲಿ ಸೋತರೂ ಬ್ಯಾಂಡಿನಲ್ಲಿ ಗೆದ್ದೆವು ಅಂತ ಮನೆಗೆ ಹೋಗುವ ಜನ ಅಲ್ಲಿದ್ದಾರೆ.

ಇದೆಲ್ಲ ಎಷ್ಟು ಕರಾರುವಾಕ್ಕು ಎಂಬುದಕ್ಕೆ ಒಂದು ಲೆಕ್ಕ ಸಾಕು. ಆ ಮೈದಾನದಲ್ಲಿ ಐದೈದು ಗಜಕ್ಕೆ ಒಂದು ಬಿಳಿ ಗೆರೆ. ಬ್ಯಾಂಡಿನವರ ರೂಢಿಯ ಪ್ರಕಾರ ಒಂದು ಗೆರೆಯಿಂದ ಮುಂದಿನ ಗೆರೆಗೆ ಎಂಟು ಹೆಜ್ಜೆ. ಅಂದರೆ ಹೆಜ್ಜೆಗೆ ಇಪ್ಪತ್ತೆರಡೂವರೆ ಇಂಚು. ಉದ್ದ ಕಾಲಿನ ಹುಡುಗನಿಗೂ ಅಷ್ಟೇ, ಗಿಡ್ಡ ಹುಡುಗಿಗೂ ಅಷ್ಟೇ. ಯಾರು ಯಾವ ತಾಳಕ್ಕೆ ಯಾವ ಗೆರೆಯ ಮೇಲೆ ಇರಬೇಕು ಎಂದು ಡೈರೆಕ್ಟರ್ ಮತ್ತು ಆತನ ಸಹಾಯಕರು ಮೊದಲೇ ನಕ್ಷೆ ಬರೆದಿಡುತ್ತಾರೆ. ಜವಳಿ ಅಂಗಡಿಯವರು ಕೂಡಾ ಬಟ್ಟೆಯನ್ನು ಇಷ್ಟು ಬಿಗಿಯಾಗಿ ಅಳೆಯುವುದಿಲ್ಲ.

ಈ ಕೆಲಸಕ್ಕೆ ಹೆಸರಾದ ದೊಡ್ಡ ಮೇಷ್ಟ್ರುಗಳು ಆಗಿಹೋಗಿದ್ದಾರೆ. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಆಸ್ಟಿನ್ ಹಾರ್ಡಿಂಗ್ 1905ರಿಂದ 1948ರವರೆಗೆ, ನಲವತ್ತಮೂರು ವರ್ಷ, ಬ್ಯಾಂಡು ನಡೆಸಿದರು. ಮಿಷಿಗನ್ನಿನಲ್ಲಿ ವಿಲಿಯಂ ರೆವೆಲ್ಲಿ 1935ರಿಂದ 1971ರವರೆಗೆ ಇದ್ದರು. ಅವರ ಶಿಸ್ತಿಗೆ ನಡುಗದ ವಿದ್ಯಾರ್ಥಿ ಇರಲಿಲ್ಲ ಎನ್ನುತ್ತಾರೆ. ಅಲ್ಲಿ ಹೆಣ್ಣುಮಕ್ಕಳು ಮೆರವಣಿಗೆಯ ಬ್ಯಾಂಡಿಗೆ ಸೇರಿದ್ದು 1972ರಲ್ಲಿ, ರೆವೆಲ್ಲಿ ನಿವೃತ್ತರಾದ ಮರುವರ್ಷ. ಅದೂ ಸರ್ಕಾರ ಕಾನೂನು ಮಾಡಿದ ವರ್ಷವೇ. ಅದು ಬೇರೆ ಕಥೆ, ಇರಲಿ.

ಇಲ್ಲಿ ಹೇಳಬೇಕಾದದ್ದು ವಿಲಿಯಂ ಫಾಸ್ಟರ್ ಎಂಬುವರ ಕಥೆ. ಕರಿಯ ಜನಾಂಗದಲ್ಲಿ 1919ರಲ್ಲಿ ಕ್ಯಾನ್ಸಸ್ ರಾಜ್ಯದಲ್ಲಿ ಹುಟ್ಟಿದವರು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲೇ ಸಂಗೀತ ಓದಿದರು. ಕಂಡಕ್ಟರ್ ಆಗಬೇಕು ಎಂದಾಗ ಕಾಲೇಜಿನ ಡೀನ್ ಮಹಾಶಯರು ಆಡಿದ ಮಾತು, ಕರಿಯರಿಗೆ ಆ ಕೆಲಸ ಈ ದೇಶದಲ್ಲಿ ಇಲ್ಲ ಎಂಬುದು. ಫಾಸ್ಟರ್ ಜಗಳಕ್ಕೆ ಹೋಗಲಿಲ್ಲ. ಬಿಳಿಯರ ಬ್ಯಾಂಡು ಬೇಡವಾದರೆ ಬೇಡ, ಬಿಳಿಯರೂ ಬಾಯಿ ಬಿಟ್ಟು ನೋಡುವ ಬ್ಯಾಂಡು ಕಟ್ಟುತ್ತೇನೆ ಅಂತ ಹೊರಟರು. 1946ರಲ್ಲಿ ಅವರು ಬಂದು ಸೇರಿದ್ದು ಫ್ಲೋರಿಡಾ ರಾಜ್ಯದ ಟಾಲಹಾಸಿ ಎಂಬ ಊರಿನ ಫ್ಲೋರಿಡಾ ಎ ಅಂಡ್ ಎಂ ವಿಶ್ವವಿದ್ಯಾನಿಲಯಕ್ಕೆ. 1887ರಲ್ಲಿ ಕರಿಯರ ಮಕ್ಕಳಿಗಾಗಿಯೇ ಶುರುವಾದ ವಿದ್ಯಾಸಂಸ್ಥೆ ಅದು. ಫಾಸ್ಟರ್ ಬಂದಾಗ ಬ್ಯಾಂಡಿನಲ್ಲಿದ್ದವರು 16 ಮಂದಿ.

ಆ ಹದಿನಾರು ಜನರಿಂದ ಅವರು ಕಟ್ಟಿದ್ದು 'ಮಾರ್ಚಿಂಗ್ ಹಂಡ್ರೆಡ್'. ಬಿಳಿಯರ ಬ್ಯಾಂಡುಗಳು ಸೈನಿಕರ ಹಾಗೆ ಕಡ್ಡಿ ನುಂಗಿದಂತೆ ನಡೆಯುತ್ತಿದ್ದ ಕಾಲದಲ್ಲಿ ಫಾಸ್ಟರ್ ಹುಡುಗರನ್ನು ಕುಣಿಸಿದರು. ಮೊಣಕಾಲು ಎದೆಮಟ್ಟ ಎತ್ತಿಸಿದರು. ಬೀದಿಯಲ್ಲಿ ಜನ ಗುನುಗುತ್ತಿದ್ದ ಹಾಡುಗಳನ್ನು ಮೈದಾನಕ್ಕೆ ತಂದರು. ಆದರೆ ಕುಣಿತದ ಹಿಂದೆ ಅದೇ ಇಂಚಿನ ಲೆಕ್ಕ, ಅದೇ ಬೆವರು. 1985ರಲ್ಲಿ ಅಮೆರಿಕದ ಕಾಲೇಜು ಬ್ಯಾಂಡುಗಳಿಗೆ ಸಿಗುವ ದೊಡ್ಡ ಗೌರವವಾದ ಸಡ್ಲರ್ ಟ್ರೋಫಿ ಈ ಬ್ಯಾಂಡಿಗೆ ಬಂತು. ಫ್ರಾನ್ಸಿನ ಕ್ರಾಂತಿಗೆ ಇನ್ನೂರು ವರ್ಷ ತುಂಬಿದ 1989ರ ಜುಲೈ 14ರಂದು ಪ್ಯಾರಿಸ್ಸಿನ ಮೆರವಣಿಗೆಯಲ್ಲಿ ಅಮೆರಿಕದ ಪರವಾಗಿ ಹೆಜ್ಜೆ ಹಾಕಿದ್ದು ಇದೇ ಬ್ಯಾಂಡು. ಕೆಲಸ ಇಲ್ಲ ಅಂತ ಹೇಳಿಸಿಕೊಂಡಿದ್ದ ಹುಡುಗ ಐವತ್ತೆರಡು ವರ್ಷ ಆ ಕೆಲಸ ಮಾಡಿ 1998ರಲ್ಲಿ ನಿವೃತ್ತರಾದರು. 2010ರಲ್ಲಿ ತೀರಿಕೊಂಡರು.

ಒಂದು ವರ್ಷ ತಡವಾಗಿ ತೀರಿಕೊಂಡಿದ್ದರೆ ಅವರು ಕೇಳಬಾರದ್ದನ್ನು ಕೇಳಬೇಕಾಗುತ್ತಿತ್ತು.

2011ರ ನವೆಂಬರ್ 19, ಶನಿವಾರ. ಒರ್ಲ್ಯಾಂಡೊ ನಗರದಲ್ಲಿ 'ಫ್ಲೋರಿಡಾ ಕ್ಲಾಸಿಕ್' ಎಂಬ ವಾರ್ಷಿಕ ಪಂದ್ಯ. ಆಟ ಮುಗಿಯಿತು. ಬ್ಯಾಂಡಿನವರು ತಂಗಿದ್ದ ಹೋಟೆಲಿನ ಮುಂದೆ ಅವರ ಬಸ್ಸುಗಳು ನಿಂತಿದ್ದವು. ಅವುಗಳಲ್ಲಿ ಒಂದಕ್ಕೆ 'ಬಸ್ ಸಿ' ಎಂದು ಹೆಸರು. ಆ ಬಸ್ಸಿನ ಹುಡುಗರದ್ದೊಂದು ಸಂಪ್ರದಾಯ ಇತ್ತು. ಅವರ ನಡುವೆ ಮರ್ಯಾದೆ ಬೇಕೆಂದರೆ ಬಸ್ಸಿನ ಮುಂಬಾಗಿಲಿನಿಂದ ಹಿಂದಿನ ಸೀಟಿನವರೆಗೆ, ಎರಡೂ ಕಡೆ ನಿಂತವರ ಗುದ್ದು, ಒದೆತ, ಹೊಡೆತ ತಿನ್ನುತ್ತಾ ದಾಟಬೇಕು. ದಾಟಿದವನು ಅವರಲ್ಲೊಬ್ಬ. ಅವತ್ತು ರಾತ್ರಿ, ದೀಪ ಇಲ್ಲದ ಬಸ್ಸಿನಲ್ಲಿ, 26 ವರ್ಷದ ಒಬ್ಬ ಡ್ರಮ್ ಮೇಜರ್ ದಾಟಲು ಹೋದ. ಡ್ರಮ್ ಮೇಜರ್ ಅಂದರೆ ಬ್ಯಾಂಡಿನ ಮುಂದೆ ನಡೆಯುವ ವಿದ್ಯಾರ್ಥಿ ನಾಯಕ. ಇಂಥ ಹೊಡೆದಾಟಗಳನ್ನು ವಿರೋಧಿಸುತ್ತಿದ್ದ ಹುಡುಗ ಅವನು ಎಂದು ಅವನನ್ನು ಬಲ್ಲವರು ಆಮೇಲೆ ಹೇಳಿದರು. ಅದೇ ರಾತ್ರಿ ಇನ್ನಿಬ್ಬರು ಅದೇ ಬಸ್ಸಿನಲ್ಲಿ ದಾಟಿದ್ದರು, ಬದುಕಿದರು. ಇವನು ದಾಟಿದ ಮೇಲೆ ಉಸಿರು ಸಿಗುತ್ತಿಲ್ಲ ಅಂದ, ಕುಸಿದ, ಸತ್ತ. ಮೈ ಒಳಗೇ ರಕ್ತ ಹರಿದು ಸತ್ತಿದ್ದಾನೆ, ಇದು ಪರರ ಕೈಯಿಂದ ಆದ ಸಾವು ಎಂದು ಶವಪರೀಕ್ಷೆಯವರು ಬರೆದರು.

ಮುನ್ನೂರು ಜನರ ಹೆಜ್ಜೆಯನ್ನು ಇಂಚಿನಲ್ಲಿ ಅಳೆಯುವ ಬ್ಯಾಂಡು ಅದು. ಒಂದು ಬಸ್ಸಿನ ಉದ್ದ ಎಷ್ಟಿರುತ್ತದೆ? ಹೆಚ್ಚೆಂದರೆ ನಲವತ್ತು ನಲವತ್ತೈದು ಅಡಿ. ಆ ನಲವತ್ತು ಅಡಿಯಲ್ಲಿ ಏನು ನಡೆಯುತ್ತದೆ ಎಂಬುದು ನಕ್ಷೆಯಲ್ಲಿ ಇರಲಿಲ್ಲ.

ಆಗ ಡೈರೆಕ್ಟರ್ ಆಗಿದ್ದವರು ಜೂಲಿಯನ್ ವೈಟ್, ಫಾಸ್ಟರ್ ಅವರ ಶಿಷ್ಯರೇ. 1998ರಲ್ಲಿ ಗುರುವಿನ ಕುರ್ಚಿಗೆ ಬಂದವರು. ಸಾವಾದ ನಾಲ್ಕೇ ದಿನಕ್ಕೆ ವಿಶ್ವವಿದ್ಯಾನಿಲಯ ಅವರ ಕೈಗೆ ವಜಾ ಪತ್ರ ಕೊಟ್ಟಿತು. ವೈಟ್ ಸುಮ್ಮನೆ ಕೂರಲಿಲ್ಲ. ತಾವು ವರ್ಷಗಟ್ಟಲೆ ಮೇಲಿನವರಿಗೆ ಬರೆದ ಕಾಗದಗಳ ಕಟ್ಟನ್ನು ಬಿಚ್ಚಿ ಪತ್ರಿಕೆಯವರ ಮುಂದೆ ಇಟ್ಟರು. ಹುಡುಗರು ಹೊಡೆದಾಡುತ್ತಾರೆ, ಹಿಂಸೆ ಕೊಡುತ್ತಾರೆ ಎಂದು ತಾವೇ ದೂರು ಕೊಟ್ಟದ್ದು, ತಾವೇ ಅಮಾನತು ಮಾಡಿದ್ದು ಎಲ್ಲ ಅದರಲ್ಲಿತ್ತು. ಆ ಪಂದ್ಯಕ್ಕೆ ಮುಂಚೆಯೇ 26 ಮಂದಿಯನ್ನು ಇದೇ ಕಾರಣಕ್ಕೆ ಬ್ಯಾಂಡಿನಿಂದ ಅಮಾನತು ಮಾಡಿದ್ದರು. ಅವರ ಮೇಲೆ ಕ್ರಿಮಿನಲ್ ಕೇಸು ಬೀಳಲಿಲ್ಲ. ಪೊಲೀಸ್ ತನಿಖೆ ನಡೆಯುತ್ತಿದೆ ಅಂತ ವಜಾ ಆದೇಶ ತಡೆದು ರಜೆಯ ಮೇಲೆ ಇಟ್ಟರು. 2012ರ ಮೇ ತಿಂಗಳಲ್ಲಿ ವೈಟ್ ತಾವೇ ನಿವೃತ್ತಿ ತೆಗೆದುಕೊಂಡರು.

ಇಲ್ಲಿ ಎರಡು ಪಕ್ಷ. ಒಂದು ಪಕ್ಷದವರ ಪ್ರಕಾರ ಮೇಷ್ಟ್ರು ಕೈಲಾದದ್ದನ್ನು ಮಾಡಿದರು, ಬಲಿಪಶು ಆದರು. ಮೇಲಿನವರು ಕಾಗದ ಓದಿ ಕಪಾಟಿನಲ್ಲಿ ಇಟ್ಟರು, ತಲೆದಂಡ ಮಾತ್ರ ಕೆಳಗಿನವನದ್ದು. ಈ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಸರ್ಕಾರಿ ಕಚೇರಿಗಳನ್ನು ಸುತ್ತಿ ಬಲ್ಲ ಓದುಗರಿಗೆ ಕಪಾಟಿನ ಮಹಿಮೆ ಬಿಡಿಸಿ ಹೇಳಬೇಕಿಲ್ಲ. ಬ್ಯಾಂಡನ್ನು ಆ ಪಂದ್ಯಕ್ಕೆ ಕಳಿಸಲೇಬಾರದು ಎಂಬ ಮಾತು ಕೂಡಾ ಕೆಲವೇ ದಿನ ಮುಂಚೆ ವಿಶ್ವವಿದ್ಯಾನಿಲಯದ ಒಳಗಿನ ಸಭೆಯಲ್ಲಿ ಬಂದಿತ್ತೆಂದು ಆಮೇಲೆ ವರದಿಯಾಯಿತು. ಬಂದ ಮಾತು ಹಾಗೇ ಹೋಯಿತು. ಸಾವಿರಾರು ಜನ ಟಿಕೆಟ್ ಕೊಂಡು ಕಾಯುವ ಪಂದ್ಯ, ಹಳೆಯ ವಿದ್ಯಾರ್ಥಿಗಳು ಬರುವ ದಿನ, ದಾನಿಗಳು ಕೂರುವ ದಿನ. ಅಂಥ ದಿನ ಬ್ಯಾಂಡು ಇಲ್ಲ ಅಂದರೆ ನಡೆಯುತ್ತದೆಯೇ?

ಇನ್ನೊಂದು ಪಕ್ಷದ ಮಾತು ಗಡುಸು. ಇಪ್ಪತ್ತಾರು ಮಂದಿಯನ್ನು ಹೊರಗಿಟ್ಟ ಮೇಲೆ ರೋಗ ಎಷ್ಟು ಹರಡಿದೆ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು ಎಂದೇ ಅರ್ಥ. ಅದು ಹೊಸ ರೋಗವೂ ಅಲ್ಲ. 1998ರಲ್ಲಿ ಇದೇ ಬ್ಯಾಂಡಿನ ಕ್ಲಾರಿನೆಟ್ ಹುಡುಗನೊಬ್ಬ ಹಲಗೆಯ ಏಟು ತಿಂದು ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದ್ದ. 2001ರಲ್ಲಿ ಇನ್ನೊಬ್ಬನಿಗೆ ಅದೇ ಗತಿ. ಹೊಡೆದವರು 18 ಲಕ್ಷ ಡಾಲರ್ ಕೊಡಬೇಕೆಂದು 2004ರಲ್ಲಿ ಕೋರ್ಟಿನ ಜ್ಯೂರಿ ತೀರ್ಪಿತ್ತಿತ್ತು. ಸಾವಿಗೆ ಕೆಲವೇ ವಾರ ಮೊದಲು, 2011ರ ಅಕ್ಟೋಬರ್ ಕೊನೆಯಲ್ಲಿ, ಬ್ಯಾಂಡಿನ ಒಬ್ಬ ಹುಡುಗಿಯ ತೊಡೆಯ ಮೂಳೆ ಮುರಿಯುವ ಹಾಗೆ ಹೊಡೆದಿದ್ದರು. ಇಷ್ಟೆಲ್ಲ ಆದ ಮೇಲೂ ಬಸ್ಸುಗಳು ಹೊರಟವು.

ಕಾಗದ ಬರೆದದ್ದು ನಿಜ, ಅಮಾನತು ಮಾಡಿದ್ದೂ ನಿಜ. ಆದರೆ ಬಸ್ಸು ಹತ್ತಿ ನೋಡಿದವರು ಯಾರು? ಟಿಕೆಟ್ ಇಲ್ಲದವರು ಬಹಳ ಹತ್ತುತ್ತಿದ್ದಾರೆ ಸ್ವಾಮಿ ಅಂತ ಕಂಡಕ್ಟರ್ ದಿನಾ ಡಿಪೋಗೆ ಅರ್ಜಿ ಗುಜರಾಯಿಸಿ, ಬಸ್ಸಿನೊಳಗೆ ಮಾತ್ರ ಮುಂದಿನ ಸೀಟಿನಲ್ಲಿ ಕೂತು ನಿದ್ದೆ ಹೊಡೆದರೆ ಡಿಪೋ ಮ್ಯಾನೇಜರು ಒಪ್ಪುತ್ತಾರೆಯೇ?

ಟಿಕೆಟ್ ಇಲ್ಲದವರ ಮಾತು ಸುಮ್ಮನೆ ಬಂದದ್ದಲ್ಲ. ತನಿಖೆ ನಡೆದಾಗ ಹೊರಬಿದ್ದ ಸಂಗತಿ ಇದು. ಬ್ಯಾಂಡಿನ ಹೆಸರು ಹಂಡ್ರೆಡ್ ಆದರೂ ಆ ವೇಳೆಗೆ ಪಟ್ಟಿಯಲ್ಲಿದ್ದವರು ನಾನೂರಕ್ಕೂ ಮೇಲೆ. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಬ್ಯಾಂಡಿನ ತರಗತಿಗೆ ಸೇರಿಯೇ ಇರಲಿಲ್ಲ. ಅವರಲ್ಲೂ ಎಷ್ಟೋ ಜನ ಆ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೇ ಅಲ್ಲ! ಓದು ಬಿಟ್ಟವರು, ಬೇರೆ ಕಡೆಯವರು, ಸಮವಸ್ತ್ರ ಹಾಕಿಕೊಂಡು, ವಿಶ್ವವಿದ್ಯಾನಿಲಯದ ಖರ್ಚಿನಲ್ಲಿ ಊರೂರು ತಿರುಗುತ್ತಿದ್ದರು. ವರ್ಷಾನುವರ್ಷ ಅಲ್ಲೇ ಬೇರು ಬಿಟ್ಟ ಹಳೇ ಹುಲಿಗಳೇ ಹೊಸಬರಿಗೆ ಸಂಪ್ರದಾಯ ಕಲಿಸುವವರು ಎಂಬುದು ಯಾವ ಹಾಸ್ಟೆಲಿನ ಅಡುಗೆಯವನಿಗೂ ಗೊತ್ತಿರುವ ಸತ್ಯ. ಡೈರೆಕ್ಟರ್ ತನ್ನ ಬಸ್ಸಿನ ತಲೆ ಎಣಿಸಿದ್ದರೆ ಇಷ್ಟು ದೊಡ್ಡ ಲೆಕ್ಕ ತಪ್ಪುತ್ತಿರಲಿಲ್ಲ. ಡೈರೆಕ್ಟರ್ ಎಣಿಸದಿದ್ದರೆ ಎಣಿಸಿ ಎಂದು ಕೇಳಬೇಕಾದ ರಿಜಿಸ್ಟ್ರಾರ್ ಕಚೇರಿ ಎಲ್ಲಿತ್ತು?

ಅಧ್ಯಕ್ಷರಾಗಿದ್ದ ಜೇಮ್ಸ್ ಆಮನ್ಸ್ 2012ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಬ್ಯಾಂಡು ಒಂದೂವರೆ ವರ್ಷಕ್ಕೂ ಮೇಲೆ ಮೌನವಾಯಿತು. ಹನ್ನೆರಡಕ್ಕೂ ಹೆಚ್ಚು ಮಂದಿಯ ಮೇಲೆ ಕೇಸು ನಡೆಯಿತು. ಬಸ್ಸಿನ ಮುಖಂಡ ಅನ್ನಿಸಿಕೊಂಡಿದ್ದವನಿಗೆ 2015ರಲ್ಲಿ 77 ತಿಂಗಳ, ಅಂದರೆ ಆರು ವರ್ಷ ಐದು ತಿಂಗಳ ಸಜೆ ಆಯಿತು. ಉಳಿದವರಲ್ಲಿ ಹೆಚ್ಚಿನವರು ಪ್ರೊಬೇಷನ್‌ನಂಥ ಶಿಕ್ಷೆಗೆ ಪಾರಾದರು. ಹುಡುಗನ ಹೆತ್ತವರಿಗೆ ವಿಶ್ವವಿದ್ಯಾನಿಲಯದ ಕಡೆಯಿಂದ 11 ಲಕ್ಷ ಡಾಲರ್ ಕೊಟ್ಟು ರಾಜಿ ಆದದ್ದೂ ಅದೇ 2015ರಲ್ಲಿ.

ಕೋರ್ಟಿನಲ್ಲಿ ಒಂದು ವಾದ ಬಂತು. ಯಾರೂ ಅವನನ್ನು ಎಳೆದು ತಂದಿರಲಿಲ್ಲ, ಅವನೇ ಒಪ್ಪಿ ಬಸ್ಸು ಹತ್ತಿದ ಎಂಬುದು. ಈ ವಾದ ಇಲ್ಲಿನವರಿಗೂ ಹೊಸದಲ್ಲ. 'ಅವನೇ ಒಪ್ಕೊಂಡಿದ್ದ ಸಾರ್, ತಮಾಷೆಗೆ ಮಾಡಿದ್ದು' ಎಂದು ತಲೆ ತುರಿಸಿಕೊಳ್ಳುವ ಸೀನಿಯರುಗಳನ್ನು ಪ್ರಿನ್ಸಿಪಾಲರುಗಳು ಎಷ್ಟು ಕಂಡಿಲ್ಲ? ಫ್ಲೋರಿಡಾದ ಕಾನೂನಿನಲ್ಲಿ ಒಪ್ಪಿಕೊಂಡಿದ್ದ ಎಂಬುದಕ್ಕೆ ಬೆಲೆ ಇಲ್ಲ. ಒಪ್ಪದಿದ್ದರೆ ಬ್ಯಾಂಡಿನಲ್ಲಿ ನಾಯಿಯ ಪಾಡು ಎಂದು ಗೊತ್ತಿದ್ದವನ ಒಪ್ಪಿಗೆ ಎಂಥ ಒಪ್ಪಿಗೆ? ಕಾನೂನೇ ಸರಿಯಿಲ್ಲ, ಅಸ್ಪಷ್ಟ ಎಂದು ಮೇಲಿನ ಕೋರ್ಟಿಗೆ ಹೋದವರ ಅಪೀಲನ್ನು ಆ ರಾಜ್ಯದ ಸುಪ್ರೀಂ ಕೋರ್ಟು 2018ರಲ್ಲಿ ತಳ್ಳಿಹಾಕಿತು.

ಇದು ಕರಿಯರ ಬ್ಯಾಂಡಿನದ್ದೇ ಕಥೆ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಒಹೈಯೊ ಸ್ಟೇಟ್ ವಿಶ್ವವಿದ್ಯಾನಿಲಯದ ಬ್ಯಾಂಡು ಅಮೆರಿಕದಲ್ಲೇ ಹೆಸರುವಾಸಿ. 1936ರಿಂದ ಮೈದಾನದ ಮೇಲೆ ತಮ್ಮ ರಾಜ್ಯದ ಹೆಸರನ್ನು ಕೂಡುಬರಹದಲ್ಲಿ ನಡೆದು ಬರೆಯುವವರು. ಅಲ್ಲಿನ ಡೈರೆಕ್ಟರ್ ಜಾನ್ ವಾಟರ್ಸ್ ಹುಡುಗರ ಕೈಗೆ ಕಾಗದದ ನಕ್ಷೆಯ ಬದಲು ಐಪ್ಯಾಡ್ ಕೊಟ್ಟು ಮೈದಾನದಲ್ಲಿ ಡೈನೋಸಾರ್ ನಡೆಸಿದರು, ಕೋಟ್ಯಂತರ ಜನ ಮೊಬೈಲಿನಲ್ಲಿ ನೋಡಿದರು. 2014ರ ಜುಲೈ 24ರಂದು ಅವರನ್ನೂ ಕೆಲಸದಿಂದ ತೆಗೆದರು. ಬ್ಯಾಂಡಿನಲ್ಲಿ ಅಸಭ್ಯ ಅಡ್ಡಹೆಸರುಗಳು, ಒಳಚಡ್ಡಿಯಲ್ಲಿ ನಡುರಾತ್ರಿಯ ಮೆರವಣಿಗೆ ಇವೆಲ್ಲ ಸಂಪ್ರದಾಯವಾಗಿ ನಡೆದುಬಂದಿವೆ, ಡೈರೆಕ್ಟರಿಗೆ ಗೊತ್ತಿತ್ತು, ಗೊತ್ತಿರಬೇಕಿತ್ತು ಎಂದು ವಿಶ್ವವಿದ್ಯಾನಿಲಯದ ತನಿಖೆ ಹೇಳಿತು. ಎಲ್ಲವೂ ಹಳೆಯದು, ಸರಿ ಮಾಡುತ್ತಿದ್ದೆ ಎಂದರು ವಾಟರ್ಸ್. ಹಳೆಯ ವಿದ್ಯಾರ್ಥಿಗಳು ಅವರ ಪರ ನಿಂತರು. ಕೋರ್ಟಿನ ಮೆಟ್ಟಿಲು ಹತ್ತಿದರೂ ಕುರ್ಚಿ ವಾಪಸ್ ಬರಲಿಲ್ಲ. ಅವರು ಕುರ್ಚಿಗೆ ಬಂದು ಎರಡು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ಹತ್ತಾರು ವರ್ಷದ ಕೊಳೆಗೆ ಅವರೊಬ್ಬರೇ ಜವಾಬು ಹೇಳಬೇಕಾದದ್ದು ಸ್ವಲ್ಪ ಹೆಚ್ಚೇ ಆಯಿತು. ಆದರೆ 'ಗೊತ್ತಿರಬೇಕಿತ್ತು' ಎಂಬ ಮಾತು ಮಾತ್ರ ಅಲ್ಲಗಳೆಯುವಂಥದ್ದಲ್ಲ.

ಈಗ ಊರಿಗೆ ಬರೋಣ. ಅಮೆರಿಕದವರು 'ಹೇಜಿಂಗ್' ಅನ್ನುವುದನ್ನೇ ಇಲ್ಲಿ ರ‍್ಯಾಗಿಂಗ್ ಅನ್ನುತ್ತಾರೆ. ಕರ್ನಾಟಕ ಶಿಕ್ಷಣ ಕಾಯಿದೆಯಲ್ಲಿ ರ‍್ಯಾಗಿಂಗ್ ಅಪರಾಧ. ಜೈಲು, ಜುಲ್ಮಾನೆ ಎರಡಕ್ಕೂ ಅವಕಾಶ ಇದೆ. ಹಿಮಾಚಲ ಪ್ರದೇಶದ ಮೆಡಿಕಲ್ ಕಾಲೇಜಿನ ಹುಡುಗನೊಬ್ಬ 2009ರ ಮಾರ್ಚ್‌ನಲ್ಲಿ ಸೀನಿಯರುಗಳ ಏಟಿಗೆ ಸತ್ತ ಮೇಲೆ ಯುಜಿಸಿ ಅದೇ ವರ್ಷ ಇಡೀ ದೇಶಕ್ಕೆ ನಿಯಮ ಮಾಡಿತು. ಅಂದಿನಿಂದ ಕಾಲೇಜು ಸೇರುವ ಮಕ್ಕಳೂ ಹೆತ್ತವರೂ ಮುಚ್ಚಳಿಕೆ ಬರೆದುಕೊಡಬೇಕು. ಅಂಗಡಿ ಬಾಗಿಲು ಹಾಕಿ ಮಗನನ್ನು ಕಾಲೇಜಿಗೆ ಸೇರಿಸಲು ಹೋದ ತಂದೆಯರಿಗೆ ಆ ಕಾಗದದ ನೆನಪು ಇರಬಹುದು. ಓದದೆ ಸಹಿ ಮಾಡಿದ ಕಾಗದಗಳಲ್ಲಿ ಅದೂ ಒಂದು.

ಫ್ಲೋರಿಡಾದ ಆ ಬ್ಯಾಂಡಿನಲ್ಲೂ ಮುಚ್ಚಳಿಕೆ ಇತ್ತು. ಹಿಂಸೆ ಕೊಡುವುದಿಲ್ಲ, ಹಿಂಸೆಗೆ ಒಳಗಾಗುವುದಿಲ್ಲ ಎಂದು ಬ್ಯಾಂಡಿಗೆ ಸೇರುವಾಗ ಸಹಿ ಹಾಕಿಸಿಕೊಳ್ಳುತ್ತಿದ್ದರು. ಸಹಿ ಹಾಕಿದ ಕೈಗಳೇ ಬಸ್ಸಿನಲ್ಲಿ ಎದ್ದವು.

ಆ ಬ್ಯಾಂಡು ಮತ್ತೆ ಮೈದಾನಕ್ಕೆ ಇಳಿದದ್ದು 2013ರ ಸೆಪ್ಟೆಂಬರ್ 1ರಂದು, ಅದೇ ಒರ್ಲ್ಯಾಂಡೊದಲ್ಲಿ. ಡೈರೆಕ್ಟರ್ ಹೊಸಬರು, ಸಿಲ್ವೆಸ್ಟರ್ ಯಂಗ್. ಅವರೂ ಹಿಂದೊಮ್ಮೆ ಫಾಸ್ಟರ್ ಅವರ ಬ್ಯಾಂಡಿನಲ್ಲಿ ನುಡಿಸಿದವರೇ. ತಂಡ ಮೊದಲಿನದ್ದರ ಅರ್ಧವೂ ಇರಲಿಲ್ಲ. ಬಂದ ಬದಲಾವಣೆಗಳಲ್ಲಿ ಭಾಷಣಕ್ಕಿಂತ ಲೆಕ್ಕ ಹೆಚ್ಚು. ವಿಶ್ವವಿದ್ಯಾನಿಲಯದ ಪೂರ್ಣಾವಧಿ ವಿದ್ಯಾರ್ಥಿ ಆಗಿರಬೇಕು. ಇಷ್ಟು ಅಂಕ ಇರಲೇಬೇಕು. ಇಷ್ಟೇ ವರ್ಷ ಬ್ಯಾಂಡಿನಲ್ಲಿ ಇರಬಹುದು, ಆಮೇಲೆ ಜಾಗ ಖಾಲಿ ಮಾಡಬೇಕು. ನಿಯಮ ಪಾಲನೆ ನೋಡುವುದಕ್ಕೇ ಒಬ್ಬ ಅಧಿಕಾರಿ. ಹಳೇ ಹುಲಿಗಳಿಗೆ ಇದು ರುಚಿಸಲಿಲ್ಲ, ನೂರರ ಗತ್ತು ಹೋಯಿತು ಅಂತ ಗೊಣಗಿದರು. ಗತ್ತು ಹೋಗಲಿಲ್ಲ ಎಂದು ಕಾಣುತ್ತದೆ. 2022ರ ಜೂನ್‌ನಲ್ಲಿ ಪ್ಯಾರಿಸ್ಸಿನ ಒಂದು ದೊಡ್ಡ ಫ್ಯಾಷನ್ ಕಂಪನಿಯವರು ತಮ್ಮ ಪ್ರದರ್ಶನದಲ್ಲಿ ನುಡಿಸುವುದಕ್ಕೆ ಕರೆಸಿಕೊಂಡದ್ದು ಇದೇ ಬ್ಯಾಂಡನ್ನು.

ಜಿಲ್ಲೆಯ ಕಾಲೇಜುಗಳಲ್ಲಿ ಮುನ್ನೂರು ಜನರ ಬ್ಯಾಂಡು ಇಲ್ಲದಿರಬಹುದು. ಎನ್‌ಸಿಸಿ ಇದೆ, ಕಬಡ್ಡಿ ತಂಡ ಇದೆ, ಡೊಳ್ಳು ಕುಣಿತದ ತಂಡ ಇದೆ, ಕೊನೆಯ ವರ್ಷದವರ ಪ್ರವಾಸ ಇದೆ. ಬಸ್ಸು ಹೊರಡುವ ಹೊತ್ತಿಗೆ ಸ್ಟ್ಯಾಂಡಿನ ಹತ್ತಿರ ನಿಂತ ಯಾರೇ ಆದರೂ ನೋಡಬಹುದು. ತಂಡದಲ್ಲಿ ಹೆಸರಿಲ್ಲದ ನಾಲ್ಕು ಮಂದಿ ಹಿಂದಿನ ಬಾಗಿಲಿನಿಂದ ಹತ್ತುತ್ತಾರೆ. ಹೋದ ವರ್ಷವೇ ಕಾಲೇಜು ಮುಗಿಸಿದ 'ಅಣ್ಣ'ಂದಿರು ಹಿಂದಿನ ಉದ್ದ ಸೀಟಿನಲ್ಲಿ ಆಸನಾರೂಢರಾಗುತ್ತಾರೆ. ಜೊತೆಗೆ ಹೊರಟ ಲೆಕ್ಚರರ್ ಸಾಹೇಬರು ಡ್ರೈವರ್ ಪಕ್ಕದ ಸೀಟು ಹಿಡಿದು ಕಣ್ಣು ಮುಚ್ಚುತ್ತಾರೆ. ಅವರನ್ನು ಪೂರ್ತಿ ಬೈಯುವಂತೆಯೂ ಇಲ್ಲ. ವಾರಕ್ಕೆ ಇಷ್ಟು ಪಾಠ ಅಂತ ಗೌರವಧನಕ್ಕೆ ದುಡಿಯುವ ಅತಿಥಿ ಉಪನ್ಯಾಸಕರ ತಲೆಗೇ ಈ ಕೆಲಸವನ್ನೂ ಕಟ್ಟುವುದು ರೂಢಿ. ಐವತ್ತು ಮಕ್ಕಳಿಗೆ ಒಬ್ಬ ಮೇಷ್ಟ್ರು. ಗೆದ್ದು ಬಂದರೆ ಫೋಟೋದ ನಡುವೆ ಪ್ರಿನ್ಸಿಪಾಲರು, ಪಕ್ಕದಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು. ದಾರಿಯಲ್ಲಿ ಏನಾದರೂ ಆದರೆ ಜವಾಬ್ದಾರಿ ಅತಿಥಿ ಉಪನ್ಯಾಸಕರದ್ದು.

ಮುಂದಿನ ಯುವಜನೋತ್ಸವಕ್ಕೆ ಬಸ್ಸು ಹೊರಡುವ ಮುನ್ನ ಕಾಲೇಜುಗಳು ಮಾಡಬೇಕಾದದ್ದು ಕೋಟಿ ರೂಪಾಯಿಯ ಕೆಲಸವಲ್ಲ. ಯಾರು ಬಸ್ಸಿನಲ್ಲಿದ್ದಾರೆ ಎಂಬ ಪಟ್ಟಿ, ರೋಲ್ ನಂಬರ್ ಸಮೇತ. ಒಂದು ಪ್ರತಿ ಜೊತೆಗೆ ಹೋಗುವ ಉಪನ್ಯಾಸಕರ ಕೈಯಲ್ಲಿ, ಒಂದು ಪ್ರತಿ ಪ್ರಿನ್ಸಿಪಾಲರ ಸಹಿ ಬಿದ್ದು ಕಚೇರಿಯಲ್ಲಿ. ಪಟ್ಟಿಯಲ್ಲಿ ಇಲ್ಲದವರು ಎಂಥ ದೊಡ್ಡವರ ಮಗನೇ ಆಗಿರಲಿ, ಸ್ಟ್ಯಾಂಡಿನಲ್ಲೇ ಇಳಿಯಬೇಕು. ಒಂದು ಬಸ್ಸಿಗೆ ಇಬ್ಬರು ಮೇಷ್ಟ್ರು, ಅವರಲ್ಲಿ ಒಬ್ಬರು ಕೆಲಸ ಖಾಯಂ ಆದವರು, ಒಬ್ಬರಂತೂ ಹಿಂದಿನ ಸೀಟಿನಲ್ಲಿ. ರಾತ್ರಿ ಬಸ್ಸು ನಿಂತಿರುವಾಗ ಒಳಗೆ ದೀಪ ಇರಬೇಕು, ಮಕ್ಕಳೆಲ್ಲ ಇಳಿದ ಮೇಲೆ ಬಾಗಿಲಿಗೆ ಬೀಗ ಬೀಳಬೇಕು. ಹೆತ್ತವರು ಬರೆದುಕೊಟ್ಟ ಮುಚ್ಚಳಿಕೆಯ ಜೊತೆಗೆ ಕಾಲೇಜೂ ಹೆತ್ತವರಿಗೆ ಒಂದು ಕಾಗದ ಬರೆದುಕೊಡಲಿ: ಮಗ ಯಾವ ಬಸ್ಸಿನಲ್ಲಿದ್ದಾನೆ, ಯಾರ ಜೊತೆ ಇದ್ದಾನೆ, ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದರೆ ಎತ್ತಿ ಮಾತಾಡುವ ಮೇಷ್ಟ್ರು ಯಾರು ಅಂತ.